ಖಾಲಿ ಚೌಕಕ್ಕೆ ಕೊಟ್ಟ ಅಧಿಕಾರ

ಆರು ಲಕ್ಷದ ಪೈಪಿನ ಆರ್ಡರು. ಕೊಡುವವರು ಕುಂಬಳೆಯ ಕಂಟ್ರಾಕ್ಟರ್ ಹಾಜಿಯವರು. ಅವರದ್ದು ಒಂದೇ ಶರತ್ತು: "ರಿಯಾಯಿತಿ ಬಿಲ್ಲಿನಲ್ಲೇ ಬೀಳಬೇಕು. ಪ್ರತಿ ಸಲ ಚರ್ಚೆ ಮಾಡಲಿಕ್ಕೆ ನನಗೆ ಪುರುಸೊತ್ತಿಲ್ಲ." ಬದಿಯಡ್ಕದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ನನಗೆ ಮೊದಲು ಗಿರಾಕಿಗಳು ಮಾತ್ರ ತಮಾಷೆ ತೋರಿಸುತ್ತಿದ್ದರು, ಈಗ ಕಂಪ್ಯೂಟರೂ ಸೇರಿಕೊಂಡಿದೆ.

೧. ಕೈಕಟ್ಟಿ ಕೂತದ್ದು

ನಮ್ಮ ಬಿಲ್ಲಿನ ಪ್ರೋಗ್ರಾಮ್ ಬರೆದವ ಒಬ್ಬ ಇಂಜಿನಿಯರ್. ನಾನು ದಿನಕ್ಕೊಂದು ರಿಯಾಯಿತಿ ಬದಲಿಸುವುದು ನೋಡಿ ಬೇಸತ್ತು, ಪರದೆಯಲ್ಲಿ ಒಂದು ಖಾಲಿ ಚೌಕ ಮಾಡಿಕೊಟ್ಟ. "ಇದರಲ್ಲಿ ನಿಯಮ ಬರೆಯಿರಿ ಅಣ್ಣ. ಪ್ರೋಗ್ರಾಮ್ ನಿಲ್ಲಿಸುವುದು ಬೇಡ, ನಡೆಯುತ್ತಿರುವಾಗಲೇ ಕಂಪೈಲ್ ಆಗಿ, ಅಂದರೆ ಕಂಪ್ಯೂಟರಿನ ಭಾಷೆಗೆ ತಿರುಗಿ, ಕೆಲಸ ಶುರು ಮಾಡುತ್ತದೆ."

ಹಾಜಿಯವರಿಗೆ ದರದಲ್ಲಿ ನೂರಕ್ಕೆ ಎಂಟು ಕಡಿಮೆ ಎಂದು ಬರೆದೆ. ದರ ಅಂದರೆ ಯಾವುದೆಂದು ತನಗೆ ಗೊತ್ತಿಲ್ಲವೆಂದು ಚೌಕದಿಂದ ಉತ್ತರ ಬಂತು. ಇಂಜಿನಿಯರನನ್ನು ಕೇಳಿದೆ.

"ಮುಖ್ಯ ಪ್ರೋಗ್ರಾಮಿನಿಂದ ಕೆಲಸ ಮಾಡಿಸಿಕೊಳ್ಳಲು ಆ ಚೌಕಕ್ಕೆ ಅನುಮತಿ ಕೊಟ್ಟಿಲ್ಲ ಅಣ್ಣ, ಸುರಕ್ಷತೆಗೆ."

"ಮಾರಾಯಾ, ದರ ಕೇಳಬಾರದು, ಗೋಡೌನು ನೋಡಬಾರದು, ಬಿಲ್ಲು ಮುಟ್ಟಬಾರದು. ಅಂಥವ ನನ್ನಲ್ಲಿ ಆಗಲೇ ಒಬ್ಬ ಇದ್ದಾನೆ, ಹೆಂಡತಿಯ ತಮ್ಮ. ಸಂಬಳ ಬೇರೆ ಕೊಡುತ್ತಿದ್ದೇನೆ!"

೨. ಒಂದು ನಲ್ಲಿಯ ಬಿಲ್ಲು

ಸಿಟ್ಟಿನಲ್ಲಿ ಇಂಜಿನಿಯರ್ ಎಲ್ಲ ಬಾಗಿಲು ತೆರೆದ. ಈಗ ನನ್ನ ನಿಯಮ ದರ ಕೇಳಬಹುದು, ಬಿಲ್ಲು ಮುದ್ರಿಸಬಹುದು, ಮೆಸೇಜೂ ಕಳಿಸಬಹುದು. ನಾನು ಬುದ್ಧಿ ಓಡಿಸಿ ಒಂದು ಸಾಲು ಸೇರಿಸಿದೆ: ಯಾರದ್ದೇ ಲೆಕ್ಕವಿರಲಿ, ಕೂಡಲೇ ಬಿಲ್ಲು ಮುದ್ರಿಸು. ಮುದ್ರಿಸುವ ಕೆಲಸವಾದರೋ, ಮೊದಲು ತಲೆಬರಹ ಹೊಡೆದು, ಆಮೇಲೆ ಮೊತ್ತ ಎಷ್ಟೆಂದು ನನ್ನ ನಿಯಮವನ್ನೇ ಕೇಳುತ್ತಿತ್ತು. ನಿಯಮ ಪುನಃ ಮುದ್ರಿಸು ಎನ್ನುತ್ತಿತ್ತು.

ಒಂದು ನಲ್ಲಿಗೆಂದು ನೆಕ್ರಾಜೆಯಿಂದ ಬಂದ ಹೆಂಗಸಿಗೆ 'ಶ್ರೀ ಗಣೇಶಾಯ ನಮಃ', ಕೆಳಗೆ ಅಂಗಡಿಯ ಹೆಸರು, ಅದರ ಕೆಳಗೆ ಪುನಃ ಗಣೇಶ, ಹೀಗೆ ರೋಲು ಮುಗಿಯುವವರೆಗೆ ಸಿಕ್ಕಿತು. ಅವರು ಅದನ್ನು ಸೀರೆಯ ಹಾಗೆ ಮಡಚುತ್ತಾ ಕೇಳಿದರು: "ಭಜನೆ ಆಯಿತು. ಇನ್ನು ನಲ್ಲಿ ಕೊಡುತ್ತೀರೋ, ಮಂಗಳಾರತಿ ಉಂಟೋ?"

೩. ನಿಮಗೆ ಮಾತ್ರ

ದೊಡ್ಡ ಗಿರಾಕಿಗೆ ದರವನ್ನು ಕಿವಿಯಲ್ಲೇ ಹೇಳಬೇಕು. ಹಾಗಾಗಿ ನಿಯಮದಿಂದ ಮೆಸೇಜು ಕಳಿಸಿದೆ: "ಹಾಜಿಯವರೇ, ನೂರಕ್ಕೆ ಎಂಟು ಕಡಿಮೆ. ನಿಮಗೆ ಮಾತ್ರ. ಯಾರಿಗೂ ಹೇಳಬೇಡಿ."

ಯಾವ ನಂಬರಿಗೆ ಎಂದು ಬರೆಯಲಿಲ್ಲ. ಬರೆಯದಿದ್ದರೆ ಎಲ್ಲರಿಗೂ ಕಳಿಸುವುದು ಮುಖ್ಯ ಪ್ರೋಗ್ರಾಮಿನ ಕ್ರಮ. ಓಣಂ ಶುಭಾಶಯಕ್ಕೆಂದು ಮಾಡಿದ್ದು. ಗುಟ್ಟು ನನ್ನ ಗಿರಾಕಿಗಳಿಗೆಲ್ಲ ಹೋಯಿತು. ಎದುರಂಗಡಿಯವನಿಗೂ ಹೋಯಿತು, ಸಾಮಾನು ಮುಗಿದಾಗ ಅವನೂ ನನ್ನ ಗಿರಾಕಿಯೇ.

ಸಂಜೆ ಹಾಜಿಯವರು ಬಂದರು. "ನಿಮ್ಮ ಎದುರಿನವ ಹನ್ನೆರಡು ಕಡಿಮೆ ಮಾಡುತ್ತಾನಂತೆ. ನೀವೆಂತ ಹೇಳುತ್ತೀರಿ?"

"ಬೇಗ ಒಪ್ಪಿಕೊಳ್ಳಿ. ಬರೆಸಿಯೂ ಇಟ್ಟುಕೊಳ್ಳಿ."

ಹಾಜಿಯವರು ಅವನಿಂದ ಬರೆಸಿಕೊಂಡರು. ಎದುರಂಗಡಿಯವ ಪೈಪಿಗಾಗಿ ನೇರ ಕಂಪೆನಿಗೇ ಫೋನ್ ಮಾಡಿದ. ಈ ಭಾಗಕ್ಕೆ ಅವರ ಪೈಪು ದಾಸ್ತಾನಿಟ್ಟು ಮಾರುವ ಸ್ಟಾಕಿಸ್ಟ್ ನಾನೊಬ್ಬನೇ. ಕಂಪೆನಿಯವರು ಅವನನ್ನು ನನ್ನಲ್ಲಿಗೇ ಅಟ್ಟಿದರು. ಮರುದಿನ ಅವ ನನ್ನ ಕೌಂಟರಿಗೆ ಒರಗಿ ಮೆಲ್ಲಗೆ ಕೇಳಿದ: "ಆ ಎಂಟು ನನಗೂ ಕೊಡು ಮಾರಾಯಾ."

"ಮೆಸೇಜು ಓದಲಿಲ್ಲವಾ? ಅದು ಹಾಜಿಯವರಿಗೆ ಮಾತ್ರ."

ಹಾಜಿಯವರಿಗೆ ಬರೆದುಕೊಟ್ಟ ತಪ್ಪಿಗೆ ಅವ ಪೂರ್ತಿ ದರ ಕೊಟ್ಟೇ ಕೊಂಡ. ಒಟ್ಟು ಗಳಿಕೆ: ಆರು ಲಕ್ಷದ ಪೈಪು ಪೂರ್ತಿ ಖಾಲಿ, ರಿಯಾಯಿತಿ ಸೊನ್ನೆ, ಲಾರಿಗೆ ಏರಿಸಿದ ಕೂಲಿಯೂ ಅವನದ್ದೇ.