ಇದ್ದಿಲು ಬಸ್ಸಿನಲ್ಲಿ ಶಿವಗಂಗೆಗೆ

ಎಷ್ಟೇ ಲೆಕ್ಕ ಹಾಕಿ ಹೊರಟರೂ ದಾರಿಯಲ್ಲಿ ಏನಾದರೊಂದು ನಗೆಪಾಟಲು ಆಗಿಯೇ ಆಗುತ್ತದೆ. ಗಂಟೆ ನೋಡದೆ ಹೊಸ್ತಿಲು ದಾಟದ ನನ್ನಂಥ ಮೇಷ್ಟ್ರಿಗಂತೂ ತಪ್ಪಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಅಂಥದೊಂದರಲ್ಲಿ ದೊಡ್ಡಬಳ್ಳಾಪುರದಿಂದ ಇಪ್ಪತ್ತು ಜನ ಗುಡಿಗಳನ್ನು ನೋಡುತ್ತ ಶಿವಗಂಗೆಗೆ ಹೊರಟೆವು. ಸ್ಥಳಪುರಾಣ ಹೇಳುವುದೂ ಡ್ರೈವರನದೇ ಕೆಲಸ. ಪಕ್ಕದಲ್ಲಿ ನನ್ನ ಹೆಂಡತಿ. ಈಗ ಅವಳಿಲ್ಲ.

೧

ಏರು ಬಂದಾಗಲೆಲ್ಲ ಡ್ರೈವರ್ ಬಸ್ಸು ನಿಲ್ಲಿಸುತ್ತಿದ್ದ.

"ಇಳೀರಿ ಸ್ವಾಮಿ, ಇದು ಪಾಂಡವರು ನಡೆದ ದಾರಿ. ಇಲ್ಲಿ ನಡೆದೇ ಹೋಗ್ಬೇಕು."

ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ಭಕ್ತಿಯಿಂದ ನಡೆದರು. ಖಾಲಿ ಬಸ್ಸು ಹೊಗೆ ಕಾರುತ್ತ ಹಿಂದೆ ಬಂತು. ನಾಲ್ಕನೆಯ ಏರಿನಲ್ಲಿ ಕೇಳಿಯೇಬಿಟ್ಟೆ:

"ಏನಪ್ಪಾ, ಪಾಂಡವರು ಇಳಿಜಾರಿನಲ್ಲಿ ಎಲ್ಲೂ ನಡೀಲಿಲ್ವಾ?"

"ಇಳಿಜಾರಲ್ಲಿ ಅವರೂ ಕೂತ್ಕೊಂಡೇ ಹೋಗ್ತಿದ್ರು ಮೇಷ್ಟ್ರೇ."

೨

ಕೆರೆ ಏರಿಯ ಮೇಲೊಂದು ಗುಡಿ. "ಚೋಳರು ಕಟ್ಟಿಸಿದ್ದು," ಎಂದ ಡ್ರೈವರ್.

ಒಳಗಿಂದ ಮುದಿ ಪೂಜಾರಿ ಇಣುಕಿದ. "ಚೋಳರಲ್ಲಪ್ಪ, ನಮ್ಮಪ್ಪ."

ಡ್ರೈವರ್ ಕಣ್ಣು ಮಿಟುಕಿಸಲಿಲ್ಲ. "ಚೋಳರು ಶುರು ಮಾಡಿದ್ರು ಸ್ವಾಮಿ. ಮುಗಿಸೋಕೆ ಯಾರಾದ್ರೂ ಬೇಕಲ್ಲ!"

೩

ಶಿವಗಂಗೆ ಬೆಟ್ಟದಲ್ಲಿ ಒಳಕಲ್ಲು ತೀರ್ಥವಿದೆ. ಬಂಡೆಯ ಕಿಂಡಿಯೊಳಗೆ ಕೈ ಹಾಕಿದರೆ ಪುಣ್ಯವಂತರಿಗೆ ಮಾತ್ರ ನೀರು ಸಿಗುತ್ತದೆಂಬ ನಂಬಿಕೆ. ದಾರಿಯುದ್ದಕ್ಕೂ ನನ್ನವಳಿಗೆ ಅದೇ ಚಿಂತೆ.

"ಇಬ್ಬರಿಗೂ ಸಿಗ್ಬೇಕು ರೀ. ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗ್ದಿದ್ರೆ, ಮುಂದಿನ ಜನ್ಮದಲ್ಲಿ ಜೊತೆಯಾಗೋದು ಹ್ಯಾಗೆ?"

ಹೆಂಗಸರು ಮೊದಲು ಕೈ ಹಾಕಿ ಕೆಳಗಿಳಿದರು. ನನ್ನ ಸರದಿ ಬಂದಾಗ ಭುಜದವರೆಗೆ ತೂರಿಸಿದೆ, ಬರೀ ಕಲ್ಲು. ಹತ್ತೊಂಬತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವನು, ಬೆಟ್ಟ ಇಳಿದವನೇ ಯಾರೂ ನೋಡದಂತೆ ಬಸ್ಸಿನ ಹಿಂದೆ ಹೋಗಿ, ಇಂಜಿನ್ನಿಗೆ ಹೊಯ್ಯುವ ನೀರಿನ ಡಬ್ಬದೊಳಗೆ ಕೈ ಇಳಿಸಿದೆ. ತಳದಲ್ಲಿ ಒಂದು ಬೊಗಸೆಯಷ್ಟಿತ್ತು. ಅವಳಿಗೆ ಒದ್ದೆ ಕೈ ತೋರಿಸಿದೆ. ಅವಳೂ ತನ್ನದನ್ನು ತೋರಿಸಿದಳು. ಆ ಮುಖ ಅರಳಿದ್ದು ಇಂದಿಗೂ ಕಣ್ಣ ಮುಂದಿದೆ.

ವಾಪಸು ಬರುವಾಗ ನೆಲಮಂಗಲಕ್ಕೆ ಮುಂಚೆಯೇ ಇಂಜಿನ್ ಕಾದು ಬಸ್ಸು ನಿಂತಿತು. ಡ್ರೈವರ್ ಡಬ್ಬ ಬಗ್ಗಿಸಿದ. ನಾಲ್ಕು ಹನಿ ಬಿದ್ದವು.

"ನೀವು ಬೆಟ್ಟ ಹತ್ತುವಾಗ ಅರ್ಧ ಡಬ್ಬ ಇತ್ತಲ್ರೀ! ಯಾರು ಮುಟ್ಟಿದ್ದು?"

ಇಪ್ಪತ್ತು ಪುಣ್ಯವಂತರೂ ಕಿಟಕಿಯಾಚೆ ನೋಡತೊಡಗಿದರು. ತಪ್ಪೊಪ್ಪಿಕೊಳ್ಳೋಣವೆಂದು ನಾನು ಏಳುತ್ತಿದ್ದಂತೆ ನನ್ನವಳು ಪಂಚೆ ಹಿಡಿದು ಜಗ್ಗಿದಳು.

"ಸುಮ್ನೆ ಕೂತ್ಕೊಳ್ರೀ. ನಿಮಗೂ ಬೇಕಾಗುತ್ತೆ ಅಂತ್ಲೇ ತಳದಲ್ಲಿ ಒಂದು ಬೊಗಸೆ ಉಳಿಸಿ ಬಂದಿದ್ದೆ!"