ಹಾರುವುದಿಲ್ಲವೆಂಬ ಮುಚ್ಚಳಿಕೆ

ಯಾವುದೇ ಸಂಘವನ್ನು ನಿಷೇಧಿಸುವ ಮೊದಲು ಅದನ್ನು ವಿಧಿಬದ್ಧವಾಗಿ ಸ್ಥಾಪಿಸತಕ್ಕದ್ದು ಎಂಬುದು ಬಾಲಿಕಾ ಪ್ರೌಢಶಾಲೆಯ ನಿಯಮಾವಳಿಯಲ್ಲಿ ನಲವತ್ತೊಂದನೆಯ ನಿಯಮ. ಇದು ನ್ಯಾಯವಾದ ನಿಯಮ. ಇಲ್ಲದಿರುವುದನ್ನು ನಿಷೇಧಿಸಿದರೆ ಕಡತಕ್ಕೆ ಹೆಸರಿಡಲು ಬರುವುದಿಲ್ಲ.

ನಿಯಮವು ಬಳಕೆಗೆ ಬಂದದ್ದು ಒಂಬತ್ತನೆಯ ತರಗತಿಯ ಮೂವರು ಹುಡುಗಿಯರಿಂದ. ಅವರಲ್ಲಿ ಒಬ್ಬಳು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರರ ಮಗಳು. ಉಳಿದಿಬ್ಬರನ್ನು ಶಾಲೆಯಲ್ಲಿ ಕನ್ನಡಕ ಎಂದೂ ಏಣಿ ಎಂದೂ ಕರೆಯುತ್ತಿದ್ದರು. ಗ್ರಂಥಾಲಯದ ಗೃಹವಿಜ್ಞಾನದ ಕಪಾಟಿನಲ್ಲಿ, ಬಟ್ಟೆಯ ಕಲೆ ತೆಗೆಯುವ ಪುಸ್ತಕದ ಪಕ್ಕದಲ್ಲಿ, ಇವರಿಗೆ ವಿಕ್ಕಾ ಎಂಬ ಪಂಥದ ಕುರಿತಾದ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಗಿಡಮೂಲಿಕೆ, ಮೇಣದಬತ್ತಿ ಮತ್ತು ಪೊರಕೆಗಳ ಉಲ್ಲೇಖವಿದ್ದುದರಿಂದ ಗ್ರಂಥಪಾಲಕಿ ಅದನ್ನು ಅಲ್ಲಿ ಇರಿಸಿದ್ದರು, ತಪ್ಪೆನ್ನಲಾಗದು. ವಿಕ್ಕಾದವರು ಚಂದ್ರನನ್ನೂ ಋತುಗಳನ್ನೂ ಗೌರವಿಸುತ್ತಾರೆ, ತಮ್ಮನ್ನು ತಾವು ಮಾಟಗಾತಿಯರೆಂದು ಕರೆದುಕೊಳ್ಳುತ್ತಾರೆ, ಯಾರಿಗೂ ಕೇಡು ಮಾಡುವುದಿಲ್ಲ. ಮೂರರಲ್ಲಿ ಎರಡನೆಯದು ಹುಡುಗಿಯರಿಗೆ ಹಿಡಿಸಿತು.

ಪ್ರತಿ ಹುಣ್ಣಿಮೆಯ ಸಂಜೆ, ಚಂದ್ರ ಮೂಡುವ ಹೊತ್ತಿಗೆ, ಮೂವರೂ ನೀರಿನ ಟ್ಯಾಂಕಿನ ಹಿಂದೆ ಇಪ್ಪತ್ತು ನಿಮಿಷ ನಿಲ್ಲುತ್ತಿದ್ದರು. ಇನ್‌ಸ್ಪೆಕ್ಟರರ ಮಗಳು ನೀಲಿ ರಟ್ಟಿನ ನೋಟ್‌ಪುಸ್ತಕವೊಂದರಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದಳು. ಮೇಲೆ ‘ಗಣಿತ – ಅಭ್ಯಾಸ’ ಎಂದಿತ್ತು. ಹತ್ತನೆಯ ಪುಟದಲ್ಲಿ ಮೊಡವೆ ಹೋಗಿಸುವ ಮಂತ್ರ. ಹನ್ನೊಂದನೆಯ ಪುಟದಲ್ಲಿ ಅಪ್ಪನನ್ನು ಒಮ್ಮೆಯಾದರೂ ಜೋರಾಗಿ ನಗಿಸುವ ಮಂತ್ರ. ಅದಕ್ಕೆ ಮೇಣದಬತ್ತಿ ಒಂದು, ಅಪ್ಪನ ಅಂಗಿಯ ಹಳೆಯ ಗುಂಡಿ ಒಂದು, ಹುಣ್ಣಿಮೆ ಏಳು ಬೇಕು. ಒಂದೊಂದು ಹುಣ್ಣಿಮೆಗೆ ಒಂದೊಂದು ಗುರುತು ಹಾಕಬೇಕು. ಐದು ಗುರುತು ಬಿದ್ದಿದ್ದವು.

ಇನ್‌ಸ್ಪೆಕ್ಟರರು ನಗದಿರುವುದಕ್ಕೆ ಸಕಾರಣವಿತ್ತು. ತಪಾಸಣೆಗೆ ಹೋದ ಅಂಗಡಿಯಲ್ಲಿ ನಕ್ಕರೆ ವ್ಯಾಪಾರಿ ಅದನ್ನು ರಿಯಾಯಿತಿಯೆಂದು ಭಾವಿಸುತ್ತಾನೆ. ಹದಿನೆಂಟು ವರ್ಷ ಹೀಗೆ ಎಚ್ಚರದಿಂದ ನಡೆದು, ಮನೆಯಲ್ಲಿಯೂ ಅಭ್ಯಾಸ ತಪ್ಪಿಹೋಗಿತ್ತು. ಅವರು ಪ್ರಾರ್ಥನಾ ಮಂದಿರದ ಕಾರ್ಯದರ್ಶಿಗಳು. ಅವರ ಪತ್ನಿ ಅಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದರು. ಲೆಕ್ಕ ನೋಡೋಣವೆಂದು ಆ ನೋಟ್‌ಪುಸ್ತಕವನ್ನು ತೆರೆದವರು ಆಕೆಯೇ.

"ಇದೇನೇ ಇದು?"

"ಅಭ್ಯಾಸ ಪುಸ್ತಕ ಅಮ್ಮಾ."

"ಯಾವುದರ ಅಭ್ಯಾಸ?"

ಹುಡುಗಿ ಸುಳ್ಳು ಹೇಳಲು ಕಲಿತಿರಲಿಲ್ಲ. ಮನೆಯ ಶಿಕ್ಷಣ ಅಂಥದ್ದು. "ಮಾಟದ್ದು," ಎಂದಳು.

"ರೀ, ಕೇಳಿಸ್ಕೊಂಡ್ರಾ?"

"ಯಾರಿಗೆ ಮಾಡ್ತಿದ್ದೀಯ?" ಎಂದು ತಂದೆ ವಿಚಾರಿಸಿದರು.

"ಯಾರಿಗೂ ಕೇಡು ಮಾಡಬಾರದು ಅಂತ ಅದರಲ್ಲೇ ಇದೆ ಅಪ್ಪಾ."

"ಅದನ್ನ ನಾನು ವಾರವಾರ ಹೇಳ್ತಾ ಇಲ್ವಾ?" ಎಂದರು ತಾಯಿ. "ಅಷ್ಟಕ್ಕೆ ಟ್ಯಾಂಕಿನ ಹಿಂದೆ ಹೋಗ್ಬೇಕಾಗಿತ್ತಾ?"

ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದರು: "ಇಪ್ಪತ್ತು ನಿಮಿಷ ನೋಡಿದ್ರೆ ಚಂದ್ರ ಏನು ಸವೆದು ಹೋಗ್ತಾನಾ? ಬಿಡ್ರೋ."

"ನೀವು ಸುಮ್ನಿರಿ ಅಮ್ಮಾ," ಎಂದರು ಇನ್‌ಸ್ಪೆಕ್ಟರರು. ಪುಸ್ತಕವನ್ನು ಹತ್ತನೆಯ ಪುಟದವರೆಗೆ ಓದಿ, ಅಷ್ಟು ಸಾಕೆಂದು ಮುಚ್ಚಿದರು. ಒಂದು ಚೀಲ ತೂಗಿ ಉಳಿದವನ್ನು ಅಂದಾಜಿಸುವುದು ಅವರ ಇಲಾಖೆಯ ಪದ್ಧತಿ.

ಮರುದಿನ ದಂಪತಿಗಳು ಮಗಳೊಂದಿಗೆ ಶಾಲೆಯ ಕಚೇರಿಗೆ ಹೋದರು. ಮುಖ್ಯೋಪಾಧ್ಯಾಯಿನಿಯವರು ಸಹಿ ಮಾಡುವವರು. ವಿಷಯ ತಿಳಿದವರು ಹೆಡ್ ಕ್ಲಾರ್ಕರು. ಆದ್ದರಿಂದ ಅವರನ್ನೇ ಕಂಡರು.

"ಏನು ನಿಷೇಧ ಮಾಡ್ಬೇಕು ಸಾರ್?"

"ಈ ಮಾಟದ ಸಂಘ."

ಹೆಡ್ ಕ್ಲಾರ್ಕರು ಸಂಘಗಳ ರಿಜಿಸ್ಟರನ್ನು ತೆರೆದು ಬೆರಳಾಡಿಸಿದರು. "ತೋಟಗಾರಿಕೆ ಸಂಘ ಇದೆ. ಚರ್ಚಾ ಸಂಘ ಇದೆ. ಪ್ರಥಮ ಚಿಕಿತ್ಸೆ ಇದೆ. ಮಾಟ ಇಲ್ಲ. ಇಲ್ಲದ್ದನ್ನ ಹೇಗೆ ರದ್ದು ಮಾಡ್ಲಿ?"

"ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ?" ಎಂದರು ತಾಯಿ.

"ನಿಮ್ಮ ಮಗಳು ಮಾಡ್ತಿದ್ದಾಳೆ ಅಂತ ನೀವೇ ಹೇಳ್ತಿದ್ದೀರಲ್ಲಮ್ಮ. ಸಾರ್, ನೀವು ತಿಳಿದೋರು. ಮೊಹರಿಲ್ಲದ ತಕ್ಕಡಿ ಸಿಕ್ಕಿದ್ರೆ ಏನು ಮಾಡ್ತೀರಿ?"

"ನಂಬರ್ ಕೊಟ್ಟು, ನಮೂದು ಮಾಡಿ, ಆಮೇಲೆ ಜಪ್ತಿ ಮಾಡ್ತೀವಿ."

"ಇದೂ ಹಾಗೇನೇ."

ಇನ್‌ಸ್ಪೆಕ್ಟರರಿಗೆ ಮನವರಿಕೆಯಾಯಿತು. ವಿದ್ಯಾರ್ಥಿನಿಯರು ಅಪ್ರಾಪ್ತ ವಯಸ್ಕರಾದ ಕಾರಣ ಸಂಘದ ಸ್ಥಾಪಕರಾಗಿ ತಂದೆಯೇ ಸಹಿ ಮಾಡಿದರು. ತಾಯಿ ಸಾಕ್ಷಿ ಹಾಕಿದರು. ‘ಉದ್ದೇಶ’ ಎಂಬ ಕಾಲಮ್ಮಿನಲ್ಲಿ ‘ಮುಂದೆ ರದ್ದುಪಡಿಸುವ ಸಲುವಾಗಿ’ ಎಂದು ಬರೆಯಲು ಸ್ಥಳ ಸಾಲದೆ, ಹೆಡ್ ಕ್ಲಾರ್ಕರು ‘ಧಾರ್ಮಿಕ’ ಎಂದು ಬರೆದರು. ನೋಟ್‌ಪುಸ್ತಕಕ್ಕೆ ದಾಖಲೆ ಸಂಖ್ಯೆ ಒಂದು ಎಂದು ಚೀಟಿ ಅಂಟಿಸಿ ಬೀರುವಿನಲ್ಲಿಟ್ಟರು.

"ಸಾರ್, ನನ್ನ ಪುಸ್ತಕ," ಎಂದಳು ಹುಡುಗಿ.

"ಅದು ಈಗ ದಾಖಲೆ ಕಣಮ್ಮಾ."

"ಹನ್ನೊಂದನೇ ಪುಟದಲ್ಲಿ ಎರಡು ಗುರುತು ಬಾಕಿ ಇದೆ ಸಾರ್. ಹಾಕ್ಕೊಂಡು ಕೊಟ್ಬಿಡ್ತೀನಿ."

"ದಾಖಲೆ ತಿದ್ದೋ ಹಾಗಿಲ್ಲ."

ನಲವತ್ತೆರಡನೆಯ ನಿಯಮದ ಪ್ರಕಾರ, ಒಂದು ಶೈಕ್ಷಣಿಕ ವರ್ಷದ ಚಟುವಟಿಕೆಯನ್ನು ಪರಿಶೀಲಿಸದೆ ಯಾವ ಸಂಘವನ್ನೂ ರದ್ದುಪಡಿಸುವಂತಿಲ್ಲ. ಪರಿಶೀಲಿಸಲು ಚಟುವಟಿಕೆ ಬೇಕು. ಚಟುವಟಿಕೆಗೆ ಕನಿಷ್ಠ ಇಪ್ಪತ್ತು ಸದಸ್ಯರು ಬೇಕು. ಆದಕಾರಣ ಹಾಜರಿ ಪುಸ್ತಕದ ಕ್ರಮದಲ್ಲಿ ಇನ್ನೂ ಹದಿನೇಳು ಹುಡುಗಿಯರನ್ನು ಸೇರಿಸಿಕೊಂಡು, ಸೂಚನಾ ಫಲಕದಲ್ಲಿ ಈ ಪ್ರಕಟಣೆ ಹಾಕಲಾಯಿತು:

‘ವಿಕ್ಕಾ ಸಂಘದ ತರಗತಿಯು ಪ್ರತಿ ಶುಕ್ರವಾರ ಮೂರನೆಯ ಅವಧಿಯಲ್ಲಿ ನಡೆಯುವುದು. ಹುಣ್ಣಿಮೆಯು ಬೇರೆ ದಿನ ಬಂದಲ್ಲಿ ಅದನ್ನು ಮುಂದಿನ ಶುಕ್ರವಾರಕ್ಕೆ ಮುಂದೂಡಲಾಗುವುದು. ಅಗ್ನಿ ಸುರಕ್ಷತೆಯ ದೃಷ್ಟಿಯಿಂದ ಮೇಣದಬತ್ತಿಯನ್ನು ಹಚ್ಚದೆಯೇ ಉಪಯೋಗಿಸತಕ್ಕದ್ದು. ಪೊರಕೆಯನ್ನು ಮೂವರಿಗೆ ಒಂದರಂತೆ ಒದಗಿಸಲಾಗುವುದು. ಹಾರಾಟವು ಪಠ್ಯದಲ್ಲಿ ಇರುವುದಿಲ್ಲ. ಆದಾಗ್ಯೂ, ಹಾರುವುದಿಲ್ಲವೆಂದು ಪೋಷಕರು ಮುಚ್ಚಳಿಕೆ ಬರೆದುಕೊಡತಕ್ಕದ್ದು.’

ಇಪ್ಪತ್ತು ಪೋಷಕರೂ ಮುಚ್ಚಳಿಕೆ ಬರೆದುಕೊಟ್ಟರು. ಮಗಳು ನೆಲದಿಂದ ಆರು ಅಂಗುಲಕ್ಕಿಂತ ಮೇಲೇಳುವುದಿಲ್ಲವೆಂದು ಇನ್‌ಸ್ಪೆಕ್ಟರರು ಅಳತೆಯನ್ನೂ ನಮೂದಿಸಿದರು. ಹಗ್ಗದಾಟದ ತರಗತಿಗೆ ತೊಂದರೆಯಾಗಬಾರದೆಂಬುದು ಅವರ ಆಲೋಚನೆ.

ಬೋಧನೆಯ ಭಾರ ಹೊಲಿಗೆ ಮೇಡಂ ಅವರ ಮೇಲೆ ಬಿತ್ತು. ವಾರಕ್ಕೆ ಒಂದು ಅವಧಿ ಕಡಿಮೆಯಿದ್ದು ಅವರಿಗೆ ವರ್ಗಾವಣೆಯ ಭಯವಿತ್ತು. ಅವರೂ ದೈವಭಕ್ತೆ. ತರಗತಿಯ ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷ ಕಣ್ಣು ಮುಚ್ಚಿ ದೇವರ ಕ್ಷಮೆ ಕೇಳುತ್ತಿದ್ದರು. ವೇಳಾಪಟ್ಟಿಯಲ್ಲಿ ಅದನ್ನು ಪೂರ್ವಸಿದ್ಧತೆ ಮತ್ತು ಉಪಸಂಹಾರ ಎಂದು ತೋರಿಸಲಾಗಿತ್ತು. ಡ್ರಾಯಿಂಗ್ ಮೇಡಂ ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿ ಚಂದ್ರನನ್ನು ಮಾಡಿಕೊಟ್ಟರು. ಅದನ್ನು ಕಪ್ಪುಹಲಗೆಯ ಮೇಲೆ ತೂಗುಹಾಕಿ, ಹುಡುಗಿಯರು ಕೈವಾರದಿಂದ ನಾಲ್ಕೂವರೆ ಸೆಂಟಿಮೀಟರ್ ತ್ರಿಜ್ಯದ ಮಾಂತ್ರಿಕ ವೃತ್ತ ಬರೆದರು. ಕೈವಾರ ತರದವರು ಹೊರಗೆ ನಿಂತರು.

ಪಠ್ಯಪುಸ್ತಕ ಬೇಕಾಯಿತು. ಶಾಲೆಯ ಬಳಿ ವಿಷಯಕ್ಕೆ ಸಂಬಂಧಿಸಿದಂತೆ ದಾಖಲೆ ಸಂಖ್ಯೆ ಒಂದಲ್ಲದೆ ಬೇರೇನೂ ಇರಲಿಲ್ಲವಾದ್ದರಿಂದ, ಅದನ್ನೇ ಅಚ್ಚು ಹಾಕಿಸಲಾಯಿತು. ಲೇಖಕಿಯ ಹೆಸರಿರಬೇಕಾದಲ್ಲಿ ‘ತಜ್ಞರ ಸಮಿತಿ’ ಎಂದಿತ್ತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಕ್ಕಾದ ಅಂಕಗಳನ್ನು ಒಟ್ಟು ಮೊತ್ತಕ್ಕೆ ಸೇರಿಸಲಾಗುವುದೆಂದು ಆದೇಶ ಬಂದ ವಾರದಲ್ಲಿಯೇ ಪೋಷಕರ ಧಾರ್ಮಿಕ ಆಕ್ಷೇಪಣೆಗಳು ಇತ್ಯರ್ಥವಾದವು. ಕನ್ನಡಕಳ ತಾಯಿ ಮನೆಪಾಠಕ್ಕೆ ಏರ್ಪಾಡು ಮಾಡಿದರು. ಏಣಿಯ ತಂದೆ ನಿಜವಾದ ಚಂದ್ರ ನೋಡಿದರೆ ಹೆಚ್ಚಿನ ಅಂಕ ಕೊಡುತ್ತಾರೆಯೇ ಎಂದು ಲಿಖಿತವಾಗಿ ಕೇಳಿದರು. ಕೊಡುವುದಿಲ್ಲವೆಂದು ಲಿಖಿತವಾಗಿ ಉತ್ತರ ಹೋಯಿತು.

ಇನ್‌ಸ್ಪೆಕ್ಟರರ ಮಗಳು ನೂರಕ್ಕೆ ಮೂವತ್ತೊಂದು ತೆಗೆದಳು. ಉತ್ತೀರ್ಣಕ್ಕೆ ಮೂವತ್ತೈದು ಬೇಕು. ಮೊಡವೆಯ ಮಂತ್ರಕ್ಕೆ ತುಳಸಿ ಎಂದು ಬರೆದಿದ್ದಳು. ಪುಸ್ತಕದಲ್ಲಿ ಪುದೀನ ಎಂದಿತ್ತು. ಅಚ್ಚಿನ ತಪ್ಪೆಂದು ಅವಳು ವಾದಿಸಿದಳು. ‘ವಿದ್ಯಾರ್ಥಿನಿಯು ಪಠ್ಯವನ್ನು ಸರಿಯಾಗಿ ಓದಿರುವುದಿಲ್ಲ’ ಎಂದು ಹೊಲಿಗೆ ಮೇಡಂ ಷರಾ ಬರೆದರು.

"ಕನ್ನಡಕ ಎಂಬತ್ತೆಂಟು ತೆಗೆದಿದ್ದಾಳೆ," ಎಂದರು ತಾಯಿ. "ಅವಳಿಗೆ ಚಂದ್ರನ್ನ ತೋರಿಸಿದ್ದೇ ನೀನು. ನಾಚಿಕೆ ಆಗಲ್ವಾ?"

ಇನ್‌ಸ್ಪೆಕ್ಟರರು ಉತ್ತರಪತ್ರಿಕೆಯನ್ನು ಸಾಲುಸಾಲಾಗಿ ಓದಿದರು. ಏಳನೆಯ ಪ್ರಶ್ನೆ: ‘ತಂದೆಯನ್ನು ಜೋರಾಗಿ ನಗಿಸುವ ವಿಧಾನವನ್ನು ವಿವರಿಸಿ. ಐದು ಅಂಕ.’ ಕೆಳಗೆ ಖಾಲಿ. ಅವರು ಪ್ರಶ್ನೆಯನ್ನು ಎರಡು ಸಲ ಓದಿದರು. ಮುಖದಲ್ಲಿ ಬದಲಾವಣೆ ಕಾಣಲಿಲ್ಲ.

"ಇದನ್ನ ಯಾಕೆ ಬಿಟ್ಟೆ?"

"ಗೊತ್ತಿರಲಿಲ್ಲ ಅಪ್ಪಾ."

"ನೀನೇ ಬರೆದಿರೋದಂತೆ."

"ಬರೆದಿದ್ದೆ. ಆದ್ರೆ ಆಗಿರಲಿಲ್ವಲ್ಲ."

ಮರುಪರೀಕ್ಷೆಗೆ ಹತ್ತು ದಿನಗಳಿದ್ದವು. ತಂದೆ ಪಠ್ಯಪುಸ್ತಕದ ಹನ್ನೊಂದನೆಯ ಪುಟವನ್ನು ತೆರೆದು ಕನ್ನಡಕ ಏರಿಸಿಕೊಂಡರು. "ಬೇಕಾಗುವ ಸಾಮಗ್ರಿ ಹೇಳು."

"ಮೇಣದಬತ್ತಿ ಒಂದು. ಗುಂಡಿ ಒಂದು. ಹುಣ್ಣಿಮೆ ಏಳು."

"ಗುಂಡಿ ಯಾರದು? ಪೂರ್ತಿ ಹೇಳ್ಬೇಕು."

"ಅಪ್ಪನದು."

"ತಂದೆಯ ಅಂಗಿಯದು ಅಂತ ಬರಿ. ಇನ್ನೊಮ್ಮೆ."

ಪಕ್ಕದ ಕೋಣೆಯಲ್ಲಿ ಬಟಾಣಿ ಬಿಡಿಸುವ ಸದ್ದು ನಿಂತಿತು. "ಲೋ, ಅದರ ಬದಲು ಒಂದು ಸಲ ನಕ್ಕುಬಿಡೋ," ಎಂದರು ಅಜ್ಜಿ.

"ನಕ್ಕರೆ ಅಂಕ ಕೊಡಲ್ಲಮ್ಮಾ. ವಿವರಿಸಬೇಕು."

ಮರುಪರೀಕ್ಷೆಗೆ ನಾಲ್ಕು ದಿನ ಉಳಿದಿರುವಾಗ, ಸಂಜೆ, ತಾಯಿ ಮಗಳನ್ನು ಹುಡುಕಿಕೊಂಡು ಶಾಲೆಯ ಟ್ಯಾಂಕಿನ ಹಿಂದೆ ಹೋದರು. ಮೂವರೂ ಅಲ್ಲಿದ್ದರು. ಮಗಳು ಮಂಡಿಯೂರಿ, ತಾಯಿಯ ಹಳೆಯ ಪ್ರಾರ್ಥನಾ ಪುಸ್ತಕವನ್ನು ತೆರೆದು ಕುಳಿತಿದ್ದಳು. ಕನ್ನಡಕ, ಏಣಿ ಕೈ ಮುಗಿದಿದ್ದರು.

"ಪರೀಕ್ಷೆ ತಲೆ ಮೇಲಿದೆ, ಇಲ್ಲಿ ಕದ್ದು ದೇವರ ಪುಸ್ತಕ ಓದ್ತಿದ್ದೀಯಾ?"

"ನನ್ನ ನೋಟ್‌ಬುಕ್ ವಾಪಸ್ ಸಿಗಲಿ ಅಂತ ಕೇಳ್ಕೊತಿದ್ದೆ ಅಮ್ಮಾ. ಶುಕ್ರವಾರದ ಚಂದ್ರನಿಗೆ ಹೇಳಿದ್ರೆ ಆಗಲ್ಲ. ಅದು ರಟ್ಟು."

"ಪರೀಕ್ಷೆ ಮುಗೀಲಿ, ಆಮೇಲೆ ದೇವರು," ಎಂದು ತಾಯಿ ಪುಸ್ತಕವನ್ನು ಕಿತ್ತುಕೊಂಡರು. ಧರ್ಮಪಾಠದ ಅಧ್ಯಾಪಕಿಯಾಗಿ ಅವರಿಗೆ ಇಂಥ ವಿಷಯಗಳಲ್ಲಿ ಅಧಿಕಾರವಿತ್ತು.

ಮರುದಿನ ಇನ್‌ಸ್ಪೆಕ್ಟರರು ಕಚೇರಿಗೆ ಒಬ್ಬರೇ ಹೋದರು. ಶಾಲೆಯ ಆವರಣದಲ್ಲಿ ಅನಧಿಕೃತ ಪ್ರಾರ್ಥನೆ ನಡೆಯುತ್ತಿದೆಯೆಂದೂ, ಅದರಿಂದ ವಿಕ್ಕಾದ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆಯೆಂದೂ, ಕೂಡಲೇ ನಿಷೇಧಿಸಬೇಕೆಂದೂ ಹೇಳಿದರು.

ಹೆಡ್ ಕ್ಲಾರ್ಕರು ರಿಜಿಸ್ಟರನ್ನು ತೆರೆದರು. "ಪ್ರಾರ್ಥನಾ ಸಂಘ ಇಲ್ಲ ಸಾರ್. ಮೊದಲು ಸ್ಥಾಪಿಸಬೇಕು." ಒಂದು ಫಾರಂ ಮುಂದಿಟ್ಟರು. "ಸ್ಥಾಪಕರು ಅಂತ ಇರೋ ಕಡೆ ನಿಮ್ಮ ಸಹಿ. ಆಮೇಲೆ ಮಾಮೂಲಿ ಮುಚ್ಚಳಿಕೆ."

"ಇದಕ್ಕೂನಾ?"

"ಧಾರ್ಮಿಕ ಉದ್ದೇಶದ ಸಂಘಗಳಿಗೆಲ್ಲ ಒಂದೇ ಫಾರಂ ಸಾರ್."

ಇನ್‌ಸ್ಪೆಕ್ಟರರು ಪೆನ್ನು ತೆಗೆದು, ‘ನನ್ನ ಮಗಳು ಪ್ರಾರ್ಥನೆಯ ಸಮಯದಲ್ಲಿ ನೆಲದಿಂದ ಆರು ಅಂಗುಲ’ ಎಂಬಲ್ಲಿಯವರೆಗೆ ಬರೆದು ನಿಲ್ಲಿಸಿದರು. ಅವರ ಭುಜಗಳು ಅಲುಗಿದವು. ಕೆಮ್ಮೆಂದು ಭಾವಿಸಿ ಹೆಡ್ ಕ್ಲಾರ್ಕರು ನೀರಿನ ಲೋಟವನ್ನು ಸರಿಸಿದರು. ಅದು ಕೆಮ್ಮಾಗಿರಲಿಲ್ಲ. ಇನ್‌ಸ್ಪೆಕ್ಟರರು ಮೇಜಿನ ಅಂಚು ಹಿಡಿದುಕೊಂಡು ನಕ್ಕರು. ಪಕ್ಕದ ಕೋಣೆಯ ಟೈಪಿಸ್ಟ್ ಬೆರಳು ತಡೆದು ಕೇಳುವಷ್ಟು ಜೋರಾಗಿ ನಕ್ಕರು.

ಹೆಡ್ ಕ್ಲಾರ್ಕರು ಗಡಿಯಾರ ನೋಡಿದರು. ಬೀರುವಿನಿಂದ ದಾಖಲೆ ಸಂಖ್ಯೆ ಒಂದನ್ನು ತೆಗೆದು, ಹನ್ನೊಂದನೆಯ ಪುಟದಲ್ಲಿ ಬಾಕಿಯಿದ್ದ ಎರಡು ಗುರುತುಗಳನ್ನು ಹಸಿರು ಶಾಯಿಯಲ್ಲಿ ಹಾಕಿ, ಮೊಹರು ಒತ್ತಿದರು. ದಾಖಲೆಯನ್ನು ತಿದ್ದಬಾರದೆಂಬ ನಿಯಮ ಅದರ ಪಾಲಕರಿಗೆ ಅನ್ವಯಿಸುವುದಿಲ್ಲ. ಆಮೇಲೆ ಒಂದು ಪ್ರಮಾಣಪತ್ರ ಸಿದ್ಧಪಡಿಸಿದರು:

‘ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯ ತಂದೆಯವರು ಈ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಒಮ್ಮೆ ಜೋರಾಗಿ ನಕ್ಕಿರುತ್ತಾರೆಂದು ದೃಢೀಕರಿಸಲಾಗಿದೆ. ಪ್ರಯೋಗವು ಯಶಸ್ವಿಯಾದ ಕಾರಣ ಏಳನೆಯ ಪ್ರಶ್ನೆಗೆ ಪೂರ್ಣ ಅಂಕ ನೀಡಿದೆ.’

ಮೂವತ್ತೊಂದಕ್ಕೆ ಐದು ಕೂಡಿ ಮೂವತ್ತಾರಾಯಿತು. ಮರುಪರೀಕ್ಷೆಯ ಅಗತ್ಯವಿಲ್ಲವೆಂದು ಮುಖ್ಯೋಪಾಧ್ಯಾಯಿನಿಯವರು ಸಹಿ ಮಾಡಿದರು. ನೋಟ್‌ಪುಸ್ತಕಕ್ಕಾಗಿ ಹುಡುಗಿ ಕೊಟ್ಟಿದ್ದ ಅರ್ಜಿಗೂ ಅಂದೇ ಉತ್ತರ ಬಂದಿತು. ದಾಖಲೆಗಳನ್ನು ಮೂವತ್ತು ವರ್ಷ ಕಾಯ್ದಿರಿಸಲಾಗುತ್ತದೆ. ಅರ್ಜಿದಾರಳು ನಲವತ್ತೈದನೆಯ ವಯಸ್ಸಿನಲ್ಲಿ ಗುರುತಿನ ಚೀಟಿಯೊಂದಿಗೆ ಬಂದು ಪಡೆಯಬಹುದು.

"ಇರಲಿ ಬಿಡು ಕೂಸೇ," ಎಂದರು ಅಜ್ಜಿ. "ನಲವತ್ತೈದಕ್ಕೇ ಅದು ಹೆಚ್ಚು ಬೇಕಾಗೋದು."

ಹುಡುಗಿ ಪ್ರಮಾಣಪತ್ರವನ್ನು ಓದಿ, ಮತ್ತೊಮ್ಮೆ ಓದಿದಳು. "ಹೇಗಿತ್ತು ಅಪ್ಪಾ?"

"ಏನು?"

"ನಗು."

ಇನ್‌ಸ್ಪೆಕ್ಟರರು ಸ್ವಲ್ಪ ಆಲೋಚಿಸಿದರು. "ತೂಕ ಸರಿಯಾಗಿತ್ತು," ಎಂದರು.

ವರ್ಷಾಂತ್ಯದಲ್ಲಿ ವಿಕ್ಕಾ ಸಂಘವನ್ನು ರದ್ದುಪಡಿಸುವ ಕಡತ ಸಭೆಗೆ ಬಂದಾಗ, ಮಕ್ಕಳ ಒಟ್ಟು ಅಂಕಗಳಿಗೆ ಧಕ್ಕೆಯಾಗುವುದೆಂದು ಪೋಷಕರು ಒಮ್ಮತದಿಂದ ವಿರೋಧಿಸಿದರು. ವಿರೋಧದ ನಿರ್ಣಯವನ್ನು ಮಂಡಿಸಿದವರು ಇನ್‌ಸ್ಪೆಕ್ಟರರ ಪತ್ನಿ. ಪ್ರಾರ್ಥನಾ ಸಂಘವು, ರದ್ದಾಗುವವರೆಗೆ, ಮಂಗಳವಾರ ನಾಲ್ಕನೆಯ ಅವಧಿಯಲ್ಲಿ ನಡೆಯುತ್ತಿದೆ. ಹೊಲಿಗೆ ಮೇಡಂ ಅವರಿಗೆ ವರ್ಗಾವಣೆಯ ಭಯ ಪೂರ್ತಿ ಹೋಗಿದೆ.

ಪ್ರಮಾಣಪತ್ರಕ್ಕೆ ತಾಯಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ತನಗೂ ಒಂದು ಪ್ರತಿ ಬೇಕೆಂದು ಅಜ್ಜಿ ಕೇಳಿದ್ದರಿಂದ ಶಾಲೆಯಲ್ಲಿ ವಿಚಾರಿಸಲಾಯಿತು. ಎರಡನೆಯ ಪ್ರತಿ ಬೇಕಾದಲ್ಲಿ ಮೂಲ ಕ್ರಿಯೆಯನ್ನು ಕಚೇರಿಯ ಸಮ್ಮುಖದಲ್ಲಿ ಮತ್ತೊಮ್ಮೆ ನಡೆಸಿಕೊಡಬೇಕು. ಇನ್‌ಸ್ಪೆಕ್ಟರರು ಅರ್ಜಿ ಹಾಕಿದ್ದಾರೆ. ಬುಧವಾರ ಹನ್ನೊಂದೂವರೆಗೆ ಸಮಯ ಕೊಟ್ಟಿದ್ದಾರೆ. ಮಗಳನ್ನು ಸಾಕ್ಷಿಯಾಗಿ ಕರೆದುಕೊಂಡು ಹೋಗಲು ಅನುಮತಿ ದೊರೆತಿದೆ.