ಪುಡಿಂಗಿನ ರುಚಿಗೆ ಹತ್ತು ಅಂಕ

ಬ್ರಿಟಿಷರ ಸಾಂಪ್ರದಾಯಿಕ ಆಹಾರದ ಪರಿಚಯವಿಲ್ಲದೆ ನಾಲ್ಕನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದನ್ನು ಭಾಷಾ ಸುಧಾರಣಾ ಕಚೇರಿ ಆ ವರ್ಷ ಕಂಡುಹಿಡಿಯಿತು. ಅದುವರೆಗೆ ಇಂಗ್ಲಿಷ್ ಬಂದವರಿಗೆ ಹೇಗೆ ಬಂತು ಎಂದು ವಿಚಾರಿಸಲು ಪ್ರತ್ಯೇಕ ಸಮಿತಿ ನೇಮಕವಾಯಿತು.

ಸುತ್ತೋಲೆ ಬಂದಾಗ ಇಂಗ್ಲಿಷ್ ಮೇಷ್ಟ್ರು ಕಪ್ಪು ಹಲಗೆ ಒರೆಸುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅವರು ಪುಡಿಂಗ್ ಎಂಬ ಪದವನ್ನು ಕಲಿಸುತ್ತಾ ಬಂದಿದ್ದರು. ಹಾಗೆಂದರೇನು ಎಂದು ಯಾವ ಮಗುವೂ ಕೇಳಿರಲಿಲ್ಲವಾದ್ದರಿಂದ ಅವರಿಗೂ ತಿಳಿದುಕೊಳ್ಳುವ ಪ್ರಮೇಯ ಬಂದಿರಲಿಲ್ಲ. ಹಲಗೆಯ ಮೇಲೆ ಅವರು ಬರೆಯುತ್ತಿದ್ದ ಪುಡಿಂಗಿನ ಚಿತ್ರ ಕೆಲವು ವರ್ಷ ಟೋಪಿಯಂತೆಯೂ ಕೆಲವು ವರ್ಷ ಆಮೆಯಂತೆಯೂ ಇರುತ್ತಿತ್ತು. ಮಕ್ಕಳು ಎರಡನ್ನೂ ನಿಷ್ಠೆಯಿಂದ ನಕಲು ಮಾಡಿ ಪಾಸಾಗಿದ್ದರು.

ಸುತ್ತೋಲೆಯ ಮೂರನೇ ನಿಯಮದ ಪ್ರಕಾರ ಮಕ್ಕಳು ಆಹಾರವನ್ನು ಖುದ್ದಾಗಿ ಸವಿಯತಕ್ಕದ್ದು. ನಾಲ್ಕನೇ ನಿಯಮದ ಪ್ರಕಾರ ಆರೋಗ್ಯ ಕಚೇರಿಯ ಅನುಮತಿಯಿಲ್ಲದೆ ಯಾವುದನ್ನೂ ಸವಿಯತಕ್ಕದ್ದಲ್ಲ. ಮೌಖಿಕ ಪರೀಕ್ಷೆಯ ಹತ್ತೂ ಅಂಕಗಳನ್ನು ರುಚಿಗೆ ಮೀಸಲಿಡಲಾಗಿತ್ತು. ಸರಿಯಾದ ರುಚಿಗಳ ಪಟ್ಟಿಯನ್ನೂ ಲಗತ್ತಿಸಿದ್ದರು. ಶೆಫರ್ಡ್ಸ್ ಪೈ, ರುಚಿಕರ. ಯಾರ್ಕ್‌ಷೈರ್ ಪುಡಿಂಗ್, ಬಹಳ ರುಚಿಕರ. ಬ್ರೆಡ್ ಬಟರ್ ಪುಡಿಂಗ್, ಅತ್ಯಂತ ರುಚಿಕರ. ಬೇರೆ ರುಚಿ ಅನ್ನಿಸಿದ ಮಗುವಿಗೆ ಶಿಕ್ಷಕರು ಎರಡು ನಿಮಿಷ ತಿಳಿಹೇಳಿ ಇನ್ನೊಮ್ಮೆ ಪರೀಕ್ಷೆಗೆ ಕಳುಹಿಸತಕ್ಕದ್ದು.

ಮುಖ್ಯೋಪಾಧ್ಯಾಯಿನಿ ಮೇಷ್ಟ್ರನ್ನು ಕೋಣೆಗೆ ಕರೆಸಿದರು.

"ಆ ದರ್ಜಿ ಮಗಳ ಕಥೆ ಏನು ಮೇಷ್ಟ್ರೇ? ಕಾಮಾಲೆ ಅಂತ ಅರ್ಧವಾರ್ಷಿಕ ಬರೆದಿಲ್ಲ. ಈ ಮೌಖಿಕದಲ್ಲಿ ಹತ್ತಕ್ಕೆ ಹತ್ತು ಬಂದ್ರೆ ಐದನೇ ಕ್ಲಾಸು. ಒಂದು ಕಡಿಮೆಯಾದ್ರೂ ಇನ್ನೊಂದು ವರ್ಷ ಇಲ್ಲೇ."

"ಬುದ್ಧಿವಂತೆ ಮೇಡಂ. ನಿಜ ಹೇಳೋ ಹುಡುಗಿ."

"ನನಗೆ ಅದೇ ಭಯ."

ಮೂರರಲ್ಲಿ ಬ್ರೆಡ್ ಬಟರ್ ಪುಡಿಂಗ್ ಸುಲಭವೆಂದು ಮೇಷ್ಟ್ರು ತೀರ್ಮಾನಿಸಿದರು. ಅವರ ಹೆಂಡತಿ ಆಸೆಪಟ್ಟು ತಂದಿದ್ದ ಓವನ್ ಅಟ್ಟದ ಮೇಲಿತ್ತು. ಆಕೆ ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು. ಮೇಷ್ಟ್ರು ಅದನ್ನು ಇಳಿಸಿ, ಒರೆಸಿ, ಪ್ಲಗ್ಗು ಚುಚ್ಚಿ, ಕೆಂಪು ದೀಪ ಹತ್ತುವವರೆಗೆ ಅಲ್ಲೇ ನಿಂತಿದ್ದರು. ಅಡುಗೆಯ ಭಾರ ಹೊತ್ತದ್ದು ಅಕ್ಕ. ತಮ್ಮನ ಮನೆ ನೋಡಿಕೊಳ್ಳಲು ಹದಿನೈದು ದಿನದ ಮಟ್ಟಿಗೆಂದು ಬಂದವರು ಹದಿನಾಲ್ಕು ತಿಂಗಳಿಂದ ಅಲ್ಲೇ ಇದ್ದರು.

"ಹಳೇ ಬ್ರೆಡ್ಡಿಗೆ ಬೆಣ್ಣೆ ಸವರಿ, ಹಾಲು ಮೊಟ್ಟೆ ಸಕ್ಕರೆ ಸುರಿದು ಬೇಯಿಸೋದು, ಅಷ್ಟೇ ತಾನೇ? ಇಷ್ಟು ತಿಂದುಕೊಂಡು ಅರ್ಧ ಪ್ರಪಂಚ ಆಳಿದರಾ ಇವರು?"

"ದ್ರಾಕ್ಷೀನೂ ಹಾಕಬೇಕಕ್ಕಾ."

"ಹಾಗೆ ಹೇಳು. ಮಕ್ಕಳು ತಿಂತವೆ."

ಮೇಷ್ಟ್ರು ಬಿಸಿ ತಟ್ಟೆಯನ್ನು ಟವೆಲಿನಲ್ಲಿ ಸುತ್ತಿ ಆರೋಗ್ಯ ಕಚೇರಿಗೆ ಒಯ್ದರು. "ಒಂದು ಚಮಚ ಪರೀಕ್ಷೆ ಮಾಡಿ ಸರ್. ಮಿಕ್ಕಿದ್ದು ಮೂವತ್ತೊಂದು ಮಕ್ಕಳಿಗೆ," ಎಂದು ವಿನಂತಿಸಿಕೊಂಡರು.

ಆರೋಗ್ಯಾಧಿಕಾರಿ ಕನ್ನಡಕ ತೆಗೆದರು. "ಒಂದು ಚಮಚದಲ್ಲಿ ಏನು ಗೊತ್ತಾಗುತ್ತೆ ಮೇಷ್ಟ್ರೇ? ವಿಷ ಇನ್ನೊಂದು ಮೂಲೇಲಿದ್ರೆ? ಮಕ್ಕಳ ಜೀವದ ಜೊತೆ ಆಟ ಆಡೋಕಾಗುತ್ತಾ?"

ನಾಲ್ಕೂ ಮೂಲೆಗಳ ಪರೀಕ್ಷೆ ನಡೆಯಿತು. ಮೂಲೆಗಳಲ್ಲಿ ಏನೂ ಸಿಗದಿದ್ದುದರಿಂದ ಅನುಮಾನ ಸಹಜವಾಗಿ ನಡುವಿನ ಕಡೆಗೆ ತಿರುಗಿತು. ನಡುವನ್ನು ಗುಮಾಸ್ತರು ಪರೀಕ್ಷಿಸಿದರು. ತಂದವರು ರುಚಿ ನೋಡಿದರೆ ಪಕ್ಷಪಾತವಾಗುತ್ತದೆಂದು ಮೇಷ್ಟ್ರನ್ನು ಬೆಂಚಿನ ಮೇಲೆ ಕೂರಿಸಿದ್ದರು. ಮೂರನೇ ದಿನ ಪತ್ರ ಬಂತು: "ತಾವು ಸಲ್ಲಿಸಿದ ಮಾದರಿಯು ಈಗ ಉಳಿದಿಲ್ಲವಾದ್ದರಿಂದ ಅನುಮತಿಯನ್ನು ಯಾವ ವಸ್ತುವಿಗೆ ನೀಡಬೇಕೆಂದು ತಿಳಿದುಬರುತ್ತಿಲ್ಲ. ಹೊಸ ಮಾದರಿ ಸಲ್ಲಿಸುವುದು."

ಎರಡನೇ ಮಾದರಿಯ ಪರೀಕ್ಷೆಯಲ್ಲಿ, ದ್ರಾಕ್ಷಿ ಹೆಚ್ಚಿಸಿದರೆ ಸುರಕ್ಷತೆಯೂ ಹೆಚ್ಚುತ್ತದೆ ಎಂಬ ಸಲಹೆ ಬಂತು. ಮೂರನೆಯದನ್ನು ಪರೀಕ್ಷಿಸಲು ರಜೆಯ ಮೇಲಿದ್ದ ಇಬ್ಬರು ಸಿಬ್ಬಂದಿ ಕರ್ತವ್ಯಪ್ರಜ್ಞೆಯಿಂದ ಹಾಜರಾಗಿದ್ದರು. ಮೇಷ್ಟ್ರಿಗೆ ಅಷ್ಟರಲ್ಲಿ ಬೆಂಚಿನ ಮೇಲೆ ತಮ್ಮದೇ ಆದ ಜಾಗ ನಿಗದಿಯಾಗಿತ್ತು. ಯಾರಾದರೂ ಅಲ್ಲಿ ಕೂತಿದ್ದರೆ ಅವರೇ ಎದ್ದು ಜಾಗ ಬಿಡುತ್ತಿದ್ದರು.

ಪ್ರತಿ ಸಲವೂ ತಟ್ಟೆ ಶಾಲೆಯ ಮುಂದೆಯೇ ಹಾದು ಹೋಗುತ್ತಿತ್ತು. ಮೂವತ್ತೊಂದು ಮಕ್ಕಳು ಕಿಟಕಿಯಲ್ಲಿ ನಿಂತು ಟವೆಲನ್ನು ನೋಡುತ್ತಿದ್ದರು.

ಮೌಖಿಕ ಪರೀಕ್ಷೆಯ ದಿನ ಬೆಳಿಗ್ಗೆ ಅಂತಿಮ ಆದೇಶ ಬಂತು: "ಮಾದರಿಯು ತೃಪ್ತಿಕರ. ಈ ಕಚೇರಿಯ ಏಳು ಮಂದಿ ಸಿಬ್ಬಂದಿ ಸದರಿ ಆಹಾರವನ್ನು ಮಕ್ಕಳ ಪರವಾಗಿ ಸೇವಿಸಿರುವುದರಿಂದ ಮಕ್ಕಳು ಸವಿದಿದ್ದಾರೆಂದೇ ಪರಿಗಣಿಸತಕ್ಕದ್ದು." ಮುಖ್ಯೋಪಾಧ್ಯಾಯಿನಿ ನಿಟ್ಟುಸಿರುಬಿಟ್ಟು ಅದಕ್ಕೆ ಮೊಹರು ಒತ್ತಿದರು.

ಪರಿವೀಕ್ಷಕರು ಹನ್ನೊಂದಕ್ಕೆ ಬಂದು ಕುರ್ಚಿಯಲ್ಲಿ ಕೂತರು. ಪುಡಿಂಗ್ ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಒಬ್ಬೊಬ್ಬರನ್ನೇ ಕೇಳಿದರು. ಮೂವತ್ತು ಮಕ್ಕಳು ಅತ್ಯಂತ ರುಚಿಕರ ಎಂದರು. ಮೂವತ್ತೊಂದನೆಯವಳು ದರ್ಜಿಯ ಮಗಳು.

"ಐ ಹ್ಯಾವ್ ನಾಟ್ ಈಟನ್ ಇಟ್, ಸರ್."

ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಇಪ್ಪತ್ತೆರಡು ವರ್ಷಗಳಲ್ಲಿ ಆ ಶಾಲೆಯಲ್ಲಿ ಮಗುವೊಂದು ತಾನಾಗಿ ಆಡಿದ, ಒಂದು ತಪ್ಪೂ ಇಲ್ಲದ ಮೊದಲ ಇಂಗ್ಲಿಷ್ ವಾಕ್ಯ ಅದು.

"ವಾಕ್ಯ ಸರಿ," ಎಂದರು ಪರಿವೀಕ್ಷಕರು. "ಉತ್ತರ ತಪ್ಪು. ಮೇಷ್ಟ್ರೇ, ಎರಡು ನಿಮಿಷ."

ಇಬ್ಬರೂ ಹೊರಗೆ ಬಂದು ಕೈತೊಳೆಯುವ ನಲ್ಲಿಯ ಹತ್ತಿರ ನಿಂತರು.

"ನೀವು ತಿಂದಿದ್ದೀರಾ ಮೇಷ್ಟ್ರೇ?"

"ಇಲ್ಲಮ್ಮ."

"ಮತ್ತೆ ನಾನು ಹೇಗೆ ಹೇಳಲಿ?"

ಮೇಷ್ಟ್ರು ಹಾಜರಿ ಪುಸ್ತಕ, ಐದನೇ ತರಗತಿ, ಭವಿಷ್ಯ ಮುಂತಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡರು. ಬಾಯಿಗೆ ಬಂದದ್ದು ಬೇರೆ.

"ನೋಡು, ನಮ್ಮನೇಲಿ ಅಕ್ಕ ದಿನಾ ಅಡುಗೆ ಮಾಡ್ತಾಳೆ. ನಾನು ದಿನಾ ಚೆನ್ನಾಗಿದೆ ಅಂತೀನಿ."

"ಚೆನ್ನಾಗಿರುತ್ತಾ?"

"ಗೊತ್ತಾಗಲ್ಲ. ಈಗ ಒಂದು ವರ್ಷದಿಂದ ನಂಗೆ ರುಚಿ ಗೊತ್ತಾಗ್ತಿಲ್ಲ."

"ಜ್ವರ ಬಂದಿತ್ತಾ?"

"ಹಾಗೇ ಅಂದ್ಕೋ."

"ಮತ್ಯಾಕೆ ಹೇಳ್ತೀರಾ?"

"ಅಕ್ಕನಿಗೆ ಬೇಜಾರಾಗಬಾರದಲ್ಲ."

ಹುಡುಗಿ ಅವರ ಮುಖವನ್ನು ನೋಡಿದಳು. ಆಮೇಲೆ ಲಂಗ ಸರಿಮಾಡಿಕೊಂಡು ಒಳಗೆ ಹೋದಳು.

ಪುಡಿಂಗ್ ಅತ್ಯಂತ ರುಚಿಕರವಾಗಿತ್ತು ಎಂದು ಆಕೆ ಪರಿವೀಕ್ಷಕರಿಗೆ ಇಂಗ್ಲಿಷಿನಲ್ಲಿ ತಿಳಿಸಿದಳು. ಮೇಲುಗಡೆ ಗರಿಗರಿ, ಒಳಗೆ ಮೆತ್ತಗೆ. ತನಗೆ ಬಂದ ತುಂಡಿನಲ್ಲಿ ಐದು ದ್ರಾಕ್ಷಿ ಇದ್ದವು, ಪಕ್ಕದವಳಿಗೆ ಮೂರೇ ಬಂದದ್ದಕ್ಕೆ ಒಂದು ಕೊಟ್ಟಳಂತೆ. ಪಕ್ಕದವಳು ತಕ್ಷಣ ಹೌದೆಂದು ತಲೆಯಾಡಿಸಿದಳು. ಪರಿವೀಕ್ಷಕರು ಎಂಜಲು ನುಂಗಿ ಹತ್ತಕ್ಕೆ ಹತ್ತು ಬರೆದರು.

ಹೊರಗೆ ಮೇಷ್ಟ್ರು ಆಕೆಯ ಬೆನ್ನು ತಟ್ಟಿದರು. "ಐದನೇ ಕ್ಲಾಸಿಗೆ ಹೋಗಬೇಕು ಅಂತ ಹಾಗೆ ಹೇಳಿದೆಯಾ?"

"ಅಲ್ಲ. ನಿಮಗೆ ಬೇಜಾರಾಗಬಾರದು ಅಂತ."

ನೂರಕ್ಕೆ ನೂರು ಮಕ್ಕಳು ಸವಿದ ಏಕೈಕ ಶಾಲೆಯೆಂದು ಭಾಷಾ ಸುಧಾರಣಾ ಕಚೇರಿ ಪ್ರಶಂಸಾಪತ್ರ ಕಳುಹಿಸಿತು. ಅದಕ್ಕೂ ಮೊದಲು, ಪರೀಕ್ಷೆಯ ದಿನ ಸಂಜೆಯೇ ಶಾಲೆಯ ಗೇಟಿನ ಹತ್ತಿರ ದರ್ಜಿ ಕೈಮುಗಿದರು. "ದೊಡ್ಡ ಉಪಕಾರ ಆಯ್ತು ಮೇಷ್ಟ್ರೇ. ಹುಡುಗೀದು ಮನೇಲಿ ಅದೇ ಮಾತು. ಒಂದೇ ಒಂದು, ತಪ್ಪು ತಿಳ್ಕೋಬೇಡಿ, ಬೆಣ್ಣೆ ಸ್ವಲ್ಪ ಕಡಿಮೆ ಇತ್ತಂತೆ."

ಮನೆಯಲ್ಲಿ ಅಕ್ಕ ಬಾಗಿಲಲ್ಲೇ ಕಾದಿದ್ದರು. "ಮಕ್ಕಳು ತಿಂದವಾ?"

"ಮೂವತ್ತೊಂದೂ ತಿಂದವು."

"ನೀನು?"

"ತಿಂದೆ."

"ಹೇಗಿತ್ತು?"

"ಬೆಣ್ಣೆ ಸ್ವಲ್ಪ ಕಡಿಮೆ ಆಗಿತ್ತಕ್ಕಾ."

ಅಕ್ಕನಿಗೆ ಸಿಟ್ಟು ಬರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವರ ಅಡುಗೆಯಲ್ಲೊಂದು ಕೊರತೆಯನ್ನು ತಮ್ಮ ಹುಡುಕಿದ್ದ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಕಡಿಮೆಯಾಗಿತ್ತು ಅಂತ ನನಗೂ ಅನ್ನಿಸಿತ್ತು ಕಣೋ," ಎಂದರು.

ಮುಂದಿನ ವರ್ಷದ ಮಾದರಿಗಳಲ್ಲಿ ಬೆಣ್ಣೆಯ ಪ್ರಮಾಣ ಹೆಚ್ಚಿಸಲಾಗುವುದೆಂದು ಮೇಷ್ಟ್ರು ಆರೋಗ್ಯ ಕಚೇರಿಗೆ ಬರೆದು ತಿಳಿಸಿದರು. ಮಕ್ಕಳ ಹಿತದೃಷ್ಟಿಯಿಂದ ಕಚೇರಿ ಅದಕ್ಕೆ ಒಪ್ಪಿಗೆ ನೀಡಿತು.